ಕಾರಿನ ಸಂಪ್ ಖಾಲಿಯಾಗುವ ಎರಡು ಸೆಕೆಂಡು

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ‘ಸಂಪ್’ ಗೊತ್ತು. ನೆಲದಡಿಯ ತೊಟ್ಟಿ, ಅದರಲ್ಲಿ ಕಾವೇರಿ ನೀರು, ಮೇಲಕ್ಕೆ ಎತ್ತೋಕೆ ಒಂದು ಮೋಟಾರು. ನೀರು ತಳ ಕಂಡಾಗ ಮೋಟಾರು ಗಾಳಿ ಎಳೆಯೋಕೆ ಶುರು ಮಾಡುತ್ತೆ, ಸದ್ದು ಬದಲಾಗುತ್ತೆ, ಯಾರಾದ್ರೂ ಓಡಿಹೋಗಿ ಸ್ವಿಚ್ ಆರಿಸಬೇಕು. ಆರಿಸದಿದ್ರೆ ಮೋಟಾರು ಸುಟ್ಟುಹೋಗುತ್ತೆ. ಓನರ್ ಆಂಟಿ ಹತ್ತಿರ ಬೈಸಿಕೊಳ್ಳೋದು ಬೇರೆ.

ಕಾರಿನ ಇಂಜಿನ್ ಅಡಿಯಲ್ಲೂ ಇಂಥದ್ದೇ ಒಂದು ಸಂಪ್ ಇದೆ. ಹೆಸರೂ ಅದೇ. ಕ್ಯಾಟಲಾಗಿನಲ್ಲಿ ‘ಆಯಿಲ್ ಪ್ಯಾನ್’ ಅಥವಾ ‘ಆಯಿಲ್ ಸಂಪ್’ ಅಂತಿರುತ್ತೆ, ಗ್ಯಾರೇಜಿನಲ್ಲಿ ಎಲ್ಲರೂ ‘ಚೇಂಬರ್’ ಅಂತಾರೆ. ‘ಹಂಪ್‌ಗೆ ಚೇಂಬರ್ ತಾಗಿತು’ ಅನ್ನೋ ಮಾತು ಕೇಳದ ಕಾರಿನವರು ಕಡಿಮೆ. ಮಾಮೂಲಿ ಕಾರಿನಲ್ಲಿ ಅದರ ಚಿಂತೆ ಅಷ್ಟಕ್ಕೇ ಮುಗಿಯುತ್ತೆ. ಆದರೆ ಜೋರಾಗಿ ಓಡಿಸೋಕೆ ಅಂತಲೇ ತಯಾರು ಮಾಡಿದ ಇಂಜಿನ್ ಇದ್ರೆ, ಸಂಪಿನಲ್ಲಿ ಆಯಿಲ್ ಸರಿಯಾಗಿ ಇರುವಾಗಲೂ ಪಂಪು ಗಾಳಿ ಎಳೆಯಬಹುದು. ಅಲ್ಲಿ ಸ್ವಿಚ್ ಆರಿಸೋಕೆ ಯಾರೂ ಓಡಿ ಬರೋ ಹಾಗಿಲ್ಲ.

ಈ ಸಲದ ಅಂಕಣ ಆ ಚೇಂಬರ್ ಬಗ್ಗೆಯೇ. ಯಾಕಂದ್ರೆ ಕಳೆದ ಕೆಲವು ತಿಂಗಳಿಂದ ನಮ್ಮ ಮನೆಯ ಭಾನುವಾರಗಳೆಲ್ಲ ಅದರ ಚರ್ಚೆಯಲ್ಲೇ ಕಳೆದಿವೆ.

ಚಿಕ್ಕಪ್ಪನ ಷರತ್ತು

ನನ್ನ ಚಿಕ್ಕಪ್ಪ 2002ರಲ್ಲಿ ಒಂದು 1.5 ಲೀಟರ್ ಪೆಟ್ರೋಲ್ ಸೆಡಾನ್ ಕೊಂಡಿದ್ದರು. ಆ ಕಾಲಕ್ಕೆ ನಮ್ಮ ಕುಟುಂಬದಲ್ಲಿ ಅದೇ ಮೊದಲ ಹೊಸ ಕಾರು. ಧರ್ಮಸ್ಥಳ, ಶೃಂಗೇರಿ, ಅತ್ತೆಯ ಮಗಳ ಮದುವೆ, ಅಜ್ಜಿಯ ಆಸ್ಪತ್ರೆ, ಎಲ್ಲಕ್ಕೂ ಅದೇ ಹೋಗಿ ಬಂದಿದೆ. ಈಗ ಆ ಮಾದರಿ ಬರೋದು ನಿಂತು ಎಷ್ಟೋ ವರ್ಷವಾಗಿದೆ. ಇಂಜಿನ್ ಹೋದ್ರೆ ಗುಜರಿಯಲ್ಲಿ ಇನ್ನೊಂದನ್ನ ಹುಡುಕಬೇಕು, ಸಿಗೋದು ಯಾವ ಸ್ಥಿತಿಯಲ್ಲಿ ಅಂತ ದೇವರಿಗೇ ಗೊತ್ತು.

ಚಿಕ್ಕಪ್ಪನ ಮಗನಿಗೆ ಟ್ರ್ಯಾಕ್ ಹುಚ್ಚು. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು 3.7 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ದುಡ್ಡು ಕಟ್ಟಿ ನಮ್ಮದೇ ಕಾರನ್ನ ಸುರಕ್ಷಿತವಾಗಿ ಜೋರಾಗಿ ಓಡಿಸಬಹುದಾದ ದಿನಗಳು ಇಂಥ ಕಡೆ ಇರುತ್ತವೆ. ಅವನು ಹಳೆ ಕಾರನ್ನ ಅದಕ್ಕೆ ತಯಾರು ಮಾಡ್ತೀನಿ ಅಂದಾಗ ಚಿಕ್ಕಪ್ಪ ಒಂದೇ ಮಾತು ಹೇಳಿದರು: “ಏನು ಬೇಕಾದ್ರೂ ಮಾಡ್ಕೋ. ಇಂಜಿನ್ ಸೀಜ್ ಆಗಿ ಲಾರಿ ಮೇಲೆ ಮನೆಗೆ ಬರಬಾರದು.”

ತಮ್ಮನ ಪಟ್ಟಿ ಸಿದ್ಧವಿತ್ತು. ಮೊದಲು ಅಂಟು ಜಾಸ್ತಿ ಇರೋ ಸೆಮಿ ಸ್ಲಿಕ್ ಟೈರು, ಆಮೇಲೆ ಫ್ರೀ ಫ್ಲೋ ಎಕ್ಸಾಸ್ಟ್, ಏರ್ ಫಿಲ್ಟರ್, ದುಡ್ಡು ಉಳಿದ್ರೆ ಕ್ಯಾಮ್‌ಶಾಫ್ಟ್. ಆಯಿಲ್ ಪ್ಯಾನ್ ಪಟ್ಟಿಯ ಕೊನೆಯಲ್ಲಿತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಅಣ್ಣ ಅದನ್ನ ನೋಡಿ ನಕ್ಕರು. “ಸಾರ್, ಟೈರ್ ಮೊದಲು ಹಾಕ್ತೀರಾ ಅಂದ್ರೆ ಚೇಂಬರ್ ಕೂಡ ಮೊದಲೇ ನೋಡ್ಬೇಕು.”

ಎಕ್ಸಾಸ್ಟಿಗೂ ಕ್ಯಾಮ್‌ಗೂ ಅಲ್ಲ, ಟೈರಿಗೂ ಚೇಂಬರಿಗೂ ನಂಟು. ಆಗ ನನಗೆ ಅದು ವಿಚಿತ್ರವಾಗಿ ಕೇಳಿಸಿತ್ತು. ಲೆಕ್ಕ ಹಾಕಿದ ಮೇಲೆ ಅರ್ಥವಾಯಿತು.

ಆಯಿಲ್ ವಾಲಿದಾಗ

ಮೊದಲು ಮಾಮೂಲಿ ಕೆಲಸ ಹೇಗೆ ನಡೆಯುತ್ತೆ ನೋಡೋಣ. ಪ್ಯಾನಿನ ತಳದಲ್ಲಿ ಆಯಿಲ್ ನಿಂತಿರುತ್ತೆ. ಅದರೊಳಗೆ ಮುಳುಗಿದ ಒಂದು ಕೊಳವೆ, ತುದಿಯಲ್ಲಿ ಜಾಲರಿ. ಇದಕ್ಕೆ ಪಿಕಪ್ ಅಂತಾರೆ. ಪಂಪು ಅದರ ಮೂಲಕ ಆಯಿಲ್ ಎಳೆದು ಫಿಲ್ಟರ್ ದಾಟಿಸಿ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್, ಕನೆಕ್ಟಿಂಗ್ ರಾಡ್ ಬೇರಿಂಗ್, ಮೇಲಿನ ಕ್ಯಾಮ್‌ಶಾಫ್ಟ್ ಎಲ್ಲಕ್ಕೂ ಕಳಿಸುತ್ತೆ. ಅಲ್ಲಿಂದ ಅದು ಸೋರಿಕೊಂಡು ಮತ್ತೆ ಪ್ಯಾನಿಗೆ ಬೀಳುತ್ತೆ. ಇಂಜಿನ್ ಜೋರಾಗಿ ತಿರುಗುವಾಗ ಒಂದಷ್ಟು ಆಯಿಲ್ ಯಾವಾಗಲೂ ಮೇಲೇ ಇರುತ್ತೆ. ಅಂದ್ರೆ ಡಿಪ್‌ಸ್ಟಿಕ್ಕಿನಲ್ಲಿ ಬೆಳಿಗ್ಗೆ ಕಂಡ ಮಟ್ಟ ಟ್ರ್ಯಾಕಿನಲ್ಲಿ ಇರೋದಿಲ್ಲ.

ಬೇರಿಂಗ್‌ಗೂ ಶಾಫ್ಟ್‌ಗೂ ನಡುವೆ ಇರುವ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ 20ರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಆ ಸಂದಿನಲ್ಲಿ ಆಯಿಲ್ ಪದರ ಇರುವಷ್ಟು ಹೊತ್ತು ಲೋಹಕ್ಕೆ ಲೋಹ ತಾಗುವುದಿಲ್ಲ. 6000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 100 ಸುತ್ತು. ಪಂಪು ಎರಡು ಸೆಕೆಂಡು ಗಾಳಿ ಎಳೆದರೆ 200 ಸುತ್ತು ಭರವಸೆಯಿಲ್ಲದ ಪದರದ ಮೇಲೆ ನಡೆದವು ಅಂತ ಅರ್ಥ. ಒಂದು ಸಲಕ್ಕೆ ಇಂಜಿನ್ ತಡೆದುಕೊಳ್ಳಬಹುದು. ಪ್ರತಿ ಲ್ಯಾಪಿನಲ್ಲೂ ಅದೇ ತಿರುವಿನಲ್ಲಿ ಹಾಗೇ ಆದರೆ ಬೇರಿಂಗ್ ಸವೆಯುತ್ತಾ ಬಂದು ಒಂದು ದಿನ ‘ಟಕ್ ಟಕ್’ ಶುರುವಾಗುತ್ತೆ. ಆ ಸದ್ದು ಕೇಳಿಸಿದಾಗ ಪ್ಯಾನ್ ಬದಲಾಯಿಸೋ ಸಮಯ ಮೀರಿರುತ್ತೆ.

ಆಯಿಲ್ ಇದ್ದೂ ಪಂಪು ಗಾಳಿ ಎಳೆಯೋದು ಹೇಗೆ? ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗುವಾಗ ಅರ್ಧ ತುಂಬಿದ ನೀರಿನ ಬಾಟಲಿ ನೋಡಿ. ನೀರು ಒಂದು ಕಡೆಗೆ ವಾಲುತ್ತೆ. ಎಷ್ಟು ವಾಲುತ್ತೆ ಅನ್ನೋದಕ್ಕೆ ಪಿಯುಸಿ ಫಿಸಿಕ್ಸ್ ಸಾಕು. ತಿರುವಿನ ಬಲ ಗುರುತ್ವದ ಅರ್ಧದಷ್ಟಿದ್ದರೆ, ಅಂದ್ರೆ 0.5 ಜಿ ಇದ್ದರೆ, ಸುಮಾರು 27 ಡಿಗ್ರಿ. 1 ಜಿ ಆದರೆ ಸರಿಯಾಗಿ 45 ಡಿಗ್ರಿ. ಮಾಮೂಲಿ ಟೈರಿನಲ್ಲಿ ಊರೊಳಗೆ ನಾವು 0.5 ಜಿ ಮುಟ್ಟೋದೂ ಅಪರೂಪ. ಒಳ್ಳೆ ಅಂಟಿನ ಟೈರು ಟ್ರ್ಯಾಕಿನಲ್ಲಿ 1 ಜಿಯನ್ನ ಸುಲಭವಾಗಿ ಮುಟ್ಟಿಸುತ್ತೆ.

ಈಗ ಪ್ಯಾನಿನ ಒಳಗೆ ಹೋಗೋಣ. ಅದು 30 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. 45 ಡಿಗ್ರಿ ವಾಲಬೇಕಾದರೆ ಒಂದು ತುದಿಯಲ್ಲಿ ಆಯಿಲ್ ಮೊದಲಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಮೇಲೇರಬೇಕು, ಇನ್ನೊಂದು ತುದಿಯಲ್ಲಿ ಅಷ್ಟೇ ಕೆಳಗಿಳಿಯಬೇಕು. ಬಹಳಷ್ಟು ಪ್ಯಾನಿನಲ್ಲಿ ಆಯಿಲಿನ ಆಳವೇ ಅಷ್ಟಿರೋದಿಲ್ಲ. ಹಾಗಾಗಿ ಆಯಿಲ್ ಗೋಡೆ ಹತ್ತಿ ಕ್ರ್ಯಾಂಕ್ ಕಡೆಗೆ ನುಗ್ಗುತ್ತೆ, ಪಿಕಪ್ ಬತ್ತಿದ ಕೆರೆಯ ತೂಬಿನ ಹಾಗೆ ಬಾಯಿ ತೆರೆದುಕೊಂಡು ನಿಲ್ಲುತ್ತೆ.

ಮೆಕ್ಯಾನಿಕ್ ಅಣ್ಣನ ಮಾತಿನ ಅರ್ಥ ಇದು. ಎಕ್ಸಾಸ್ಟ್ ಬದಲಾಯಿಸಿದರೆ ಶಕ್ತಿ ಸ್ವಲ್ಪ ಏರುತ್ತೆ, ಆಯಿಲ್ ಇದ್ದಲ್ಲೇ ಇರುತ್ತೆ. ಟೈರು ಬದಲಾಯಿಸಿದ ದಿನ ಆಯಿಲ್ ಜಾಗ ಬಿಡುತ್ತೆ. ಪ್ಯಾನ್ ಆರಿಸುವಾಗ ‘ನನ್ನ ಇಂಜಿನ್ ಎಷ್ಟು ಎಚ್‌ಪಿ’ ಅಂತ ಕೇಳಿಕೊಳ್ಳೋದಕ್ಕಿಂತ ‘ನನ್ನ ಕಾರು ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ಕಡೆಗೆ ತಿರುಗುತ್ತೆ’ ಅಂತ ಕೇಳಿಕೊಳ್ಳಬೇಕು.

ಸರಾಸರಿ ನಂಬಬೇಡಿ

ಇಲ್ಲಿಂದ ನನ್ನ ಪಾಲಿನ ಕೆಲಸ ಶುರು. ಆಫೀಸಿನಲ್ಲಿ ನಮಗೆ ಮೊದಲು ಕಲಿಸೋ ಪಾಠ, ಸರ್ವರ್‌ನ ಸರಾಸರಿ ನೋಡಿ ಸಮಾಧಾನ ಪಡಬೇಡಿ ಅಂತ. ವರ್ಷವಿಡೀ ಚೆನ್ನಾಗಿ ಓಡಿದ ಸಿಸ್ಟಮ್ಮು ಹಬ್ಬದ ಸೇಲ್‌ನ ಮೊದಲ ಐದು ನಿಮಿಷದಲ್ಲಿ ಮಲಗುತ್ತೆ. ಇಂಜಿನ್ ಆಯಿಲ್ ಒತ್ತಡವೂ ಹಾಗೇ. ಇಡೀ ಲ್ಯಾಪಿನ ಸರಾಸರಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಸಹಾಯಕ್ಕೆ ಬರಲ್ಲ. ಅದು ಸಾಮಾನ್ಯವಾಗಿ ಉರಿಯೋದು ಒತ್ತಡ ಅರ್ಧ ಬಾರ್ ಆಸುಪಾಸಿಗೆ ಇಳಿದಾಗ. ಆದರೆ ಇಂಜಿನ್ ಕಟ್ಟುವವರು ಬಹಳ ಕಾಲದಿಂದ ಪಾಲಿಸುವ ಒಂದು ಅಂದಾಜು ಇದೆ: ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದ್ರೆ ಸುಮಾರು 0.7 ಬಾರ್ ಒತ್ತಡ ಬೇಕು. ಅದರ ಪ್ರಕಾರ 5500 ಆರ್‌ಪಿಎಂನಲ್ಲಿ 3.8 ಬಾರ್ ಇರಬೇಕು. ಅಲ್ಲಿ 1 ಬಾರ್‌ಗೆ ಬಿದ್ದರೂ ದೀಪ ಉರಿಯೋದಿಲ್ಲ. ಮನೆಗೆ ಬೆಂಕಿ ಬಿದ್ದು ಛಾವಣಿ ಕುಸಿದ ಮೇಲೆ ಗಂಟೆ ಬಾರಿಸೋ ಕಾವಲುಗಾರ ಅದು.

ಹಾಗಾಗಿ ಒಂದು ಪ್ರೆಶರ್ ಸೆನ್ಸರ್ ತಂದು, ದೀಪದ ಸ್ವಿಚ್ ಇದ್ದ ಜಾಗದಲ್ಲಿ ಟಿ ಅಡಾಪ್ಟರ್ ಹಾಕಿ ಜೋಡಿಸಿದೆವು. ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಅದನ್ನ ಸೆಕೆಂಡಿಗೆ 50 ಸಲ ಓದಿ ಮೆಮೊರಿ ಕಾರ್ಡಿಗೆ ಬರೆಯೋ ಹಾಗೆ ನಾನು ಕೋಡ್ ಬರೆದೆ. ತಿರುವಿನ ಬಲಕ್ಕೆ ಫೋನಿನ ಆಕ್ಸಿಲರೋಮೀಟರ್ ಸಾಕಾಯಿತು. ಎರಡರ ಸಮಯ ಹೊಂದಿಸಿ ಗ್ರಾಫ್ ಹಾಕಿದರೆ ಕಾರು ತಾನೇ ಮಾತಾಡುತ್ತೆ.

ಹೊಸ ಟೈರಿನಲ್ಲಿ, ಹಳೆ ಪ್ಯಾನಿನಲ್ಲಿ, ಮೊದಲ ಸಲ ಟ್ರ್ಯಾಕಿಗೆ ಹೋದಾಗ ಅವನನ್ನ ನಾಲ್ಕೇ ಲ್ಯಾಪು, ಅದೂ ಮುಕ್ಕಾಲು ವೇಗದಲ್ಲಿ ಬಿಟ್ಟೆವು. ನೇರ ರಸ್ತೆಯಲ್ಲಿ 4.5 ಬಾರ್. ಗಟ್ಟಿ ಬ್ರೇಕಿನಲ್ಲಿ ಒಂದು ಸಣ್ಣ ತಗ್ಗು. ಉದ್ದನೆಯ ಒಂದು ಬಲತಿರುವಿನಲ್ಲಿ ಗ್ರಾಫ್ ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯಿತು: 1.2 ಬಾರ್, ಹತ್ತಿರ ಹತ್ತಿರ ಎರಡು ಸೆಕೆಂಡು. ನಾಲ್ಕೂ ಲ್ಯಾಪಿನಲ್ಲಿ, ಅದೇ ಜಾಗದಲ್ಲಿ. ದೀಪ ಒಂದು ಸಲವೂ ಉರಿದಿರಲಿಲ್ಲ. ಕಾರನ್ನ ನಿಲ್ಲಿಸಿ, ಊಟ ಮಾಡಿಕೊಂಡು ಬೆಂಗಳೂರಿಗೆ ವಾಪಸ್ ಬಂದೆವು. ತಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆದರೆ ಪಟ್ಟಿಯಿಂದ ಕ್ಯಾಮ್‌ಶಾಫ್ಟನ್ನ ಅವನೇ ಹೊಡೆದುಹಾಕಿದ.

ನಾಲ್ಕು ದಾರಿ

ಈಗ ಆಯ್ಕೆ. ಇಂಥ ಕಾರಿನ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಆಳವಾದ ಪ್ಯಾನ್. ಜಾಸ್ತಿ ಆಯಿಲ್ ಹಿಡಿಯುತ್ತೆ, ಕ್ರ್ಯಾಂಕಿನಿಂದ ದೂರ ಇರುತ್ತೆ, ಆಯಿಲ್ ಬಿಸಿಯಾಗೋದೂ ನಿಧಾನ. ನೇರವಾಗಿ ಓಡುವ ಡ್ರ್ಯಾಗ್ ರೇಸಿಗೆ ಇದು ಒಳ್ಳೆಯದು. ಅಲ್ಲಿ ಕಾರು ಚಿಮ್ಮಿದಾಗ ಆಯಿಲ್ ಹಿಂದಕ್ಕೆ ನುಗ್ಗುತ್ತೆ, ಆಳವೂ ಪಿಕಪ್ಪೂ ಹಿಂದಿದ್ದರೆ ಅರ್ಧ ಸಮಸ್ಯೆ ಮುಗಿಯಿತು. ನಮ್ಮ ಕಾರು ಟ್ರ್ಯಾಕಿಗೆ ರಸ್ತೆಯಲ್ಲೇ ಓಡಿಕೊಂಡು ಹೋಗಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಆ ಅಳತೆಯ ಹಂಪ್ ಮೇಲೆ ಕಾರು ಮೆತ್ತಗೆ ಹತ್ತಿ ಇಳಿಯುತ್ತೆ. ನಮ್ಮ ಬಡಾವಣೆಯ ಹಂಪ್ ಹೇಗಿದೆ ಅಂತ ನಾನು ಹೇಳಬೇಕಿಲ್ಲ, ನಿಮ್ಮ ಬೀದಿಯದನ್ನೇ ನೆನಪಿಸಿಕೊಳ್ಳಿ. ಆಳದ ಪ್ಯಾನ್ ಅಲ್ಲೇ ಕೈಬಿಟ್ಟೆವು.

ಎರಡನೆಯದು ಅಗಲದ ಪ್ಯಾನ್. ಕೆಳಗೆ ಇಳಿಯದೆ ಪಕ್ಕಕ್ಕೆ ರೆಕ್ಕೆ ಚಾಚಿ ಆಯಿಲ್ ಹಿಡಿಸುವುದು. ಜಾಗ ಇದ್ದರೆ ಒಳ್ಳೆ ಉಪಾಯ. ಆದರೆ ಎಕ್ಸಾಸ್ಟ್ ಪೈಪು, ಸ್ಟೀರಿಂಗ್ ರ್‍ಯಾಕ್, ಆಕ್ಸಲ್ ಎಲ್ಲ ಅಲ್ಲೇ ಹಾದುಹೋಗುತ್ತವೆ. ಅಮೆರಿಕದಲ್ಲಿ ಹಳೆ ಕಾರುಗಳಿಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಇಂಜಿನ್ ಕೂರಿಸುವವರಿಗೆ ಶುರುವಿನಲ್ಲೇ ಎದುರಾಗುವ ತಲೆನೋವು ಇದೇ: ಇಂಜಿನ್ ಕೂರುತ್ತೆ, ಪ್ಯಾನ್ ಹೋಗಿ ಕ್ರಾಸ್ ಮೆಂಬರಿಗೆ ತಾಗುತ್ತೆ. ಅದಕ್ಕೇ ಆ ಒಂದೇ ಇಂಜಿನ್ ಕುಟುಂಬಕ್ಕೆ ಬೇರೆ ಬೇರೆ ಆಕಾರದ ಪ್ಯಾನುಗಳು ಸಿಗುತ್ತವೆ.

ಮೂರನೆಯದು ಬ್ಯಾಫಲ್. ಪ್ಯಾನಿನ ಆಕಾರ ಹೊರಗಿನಿಂದ ಹಾಗೇ ಇರುತ್ತೆ, ಒಳಗೆ ಪಿಕಪ್ ಸುತ್ತ ತಗಡಿನ ಒಂದು ಕೋಣೆ ಕಟ್ಟುತ್ತಾರೆ. ಆ ಕೋಣೆಯ ಗೋಡೆಗಳಲ್ಲಿ ಚಿಕ್ಕ ಕದಗಳು. ಕದ ಒಳಕ್ಕೆ ಮಾತ್ರ ತೆರೆಯುತ್ತೆ. ಆಯಿಲ್ ಪಿಕಪ್ ಕಡೆಗೆ ಬರಬಹುದು, ವಾಪಸ್ ಹೋಗೋಕೆ ನೋಡಿದರೆ ಕದ ತಾನೇ ಮುಚ್ಚಿಕೊಳ್ಳುತ್ತೆ. ತೋಟದ ಬಾವಿಯ ಪಂಪ್‌ಸೆಟ್ಟಿನ ಫುಟ್ ವಾಲ್ವ್ ನೋಡಿದವರಿಗೆ ಇದನ್ನ ವಿವರಿಸಬೇಕಿಲ್ಲ. ಮೇಲೆ ಒಂದು ಅಡ್ಡ ತಗಡು ಇದ್ದರೆ ಆಯಿಲ್ ಗೋಡೆ ಹತ್ತೋದೂ ತಪ್ಪುತ್ತೆ. ಕ್ರ್ಯಾಂಕಿನ ಕೆಳಗೆ ಕೂರುವ ವಿಂಡೇಜ್ ಟ್ರೇ ಇನ್ನೊಂದು ಕೆಲಸ ಮಾಡುತ್ತೆ. ಜೋರಾಗಿ ತಿರುಗುವ ಕ್ರ್ಯಾಂಕು ಆಯಿಲನ್ನ ಕಡೆಗೋಲಿನ ಹಾಗೆ ಕಡೆದು ನೊರೆ ಎಬ್ಬಿಸದಂತೆ ತಡೆಯುತ್ತೆ. ನೊರೆ ಆಯಿಲಿನಲ್ಲಿ ಗಾಳಿ ಇರುತ್ತೆ, ಗಾಳಿ ಬೇರಿಂಗ್ ಕಾಯೋದಿಲ್ಲ. ಡಿಪ್‌ಸ್ಟಿಕ್ ಗುರುತಿಗಿಂತ ಬಹಳ ಮೇಲೆ ಆಯಿಲ್ ತುಂಬಿದರೆ ಆಗೋ ತೊಂದರೆಯೂ ಇದೇ.

ನಾಲ್ಕನೆಯದು ಡ್ರೈ ಸಂಪ್. ಇಲ್ಲಿ ಪ್ಯಾನಿನಲ್ಲಿ ಆಯಿಲ್ ಇಡೋದೇ ಇಲ್ಲ. ಬಿದ್ದ ಆಯಿಲನ್ನ ಬೇರೆ ಪಂಪುಗಳು ತಕ್ಷಣ ಎಳೆದು ಒಂದು ಎತ್ತರದ ಟ್ಯಾಂಕಿಗೆ ಹಾಕುತ್ತವೆ, ಅಲ್ಲಿಂದ ಇಂಜಿನ್ನಿಗೆ ಸರಬರಾಜು. ಮನೆಯ ಸಂಪ್ ಬಿಟ್ಟು ಓವರ್‌ಹೆಡ್ ಟ್ಯಾಂಕ್ ನಂಬಿಕೊಂಡ ಹಾಗೆ. ಪ್ಯಾನ್ ತೆಳುವಾಗಿರೋದರಿಂದ ಇಂಜಿನ್ನನ್ನೇ ಕೆಳಗೆ ಕೂರಿಸಬಹುದು. ಗಾಳಿಯಿಂದ ತಣಿಯುತ್ತಿದ್ದ ಹಳೆಯ ಪೋರ್ಷೆ 911ರಲ್ಲಿ ಇದೇ ವ್ಯವಸ್ಥೆ ಇತ್ತು. 2006ರ ಕಾರ್ವೆಟ್ ಝಡ್06ರ 7 ಲೀಟರ್ ಎಲ್‌ಎಸ್7 ಇಂಜಿನ್ನೂ ಡ್ರೈ ಸಂಪ್ ಜೊತೆಗೇ ಬಂತು. ಅಷ್ಟು ದೂರ ಯಾಕೆ, ನಮ್ಮೂರಿನ ಹಳೆ ಕಾಸ್ಟ್ ಐರನ್ ಬುಲೆಟ್ ಕೂಡ ಡ್ರೈ ಸಂಪ್ ಜಾತಿಯದೇ. ಕಾರಿಗೆ ಹೊಸದಾಗಿ ಹಾಕಿಸೋದಾದರೆ ಪಂಪು, ಟ್ಯಾಂಕು, ಬೆಲ್ಟು, ಹೋಸು ಎಲ್ಲ ಸೇರಿ ನಮ್ಮ ಹಳೆ ಕಾರಿನ ಬೆಲೆಯನ್ನೇ ಮೀರುತ್ತೆ. ಸ್ಲಿಕ್ ಟೈರು ಹಾಕಿ ವರ್ಷಪೂರ್ತಿ ರೇಸ್ ಮಾಡುವವರಿಗೆ ಅದು ಬೇಕು. ವರ್ಷಕ್ಕೆ ನಾಲ್ಕು ಸಲ ಹೋಗೋ ನಮಗೆ ಬೇಡ.

ಹೀಗೆ ನಮ್ಮ ಪಾಲಿಗೆ ಉಳಿದದ್ದು ಮೂರನೆಯ ದಾರಿ.

ತಗಡೋ ಅಲ್ಯೂಮಿನಿಯಮ್ಮೋ

ಪ್ಯಾನ್ ಯಾವ ಲೋಹದ್ದು ಅನ್ನೋದೂ ಮುಖ್ಯ. ಒತ್ತಿ ತಯಾರಿಸಿದ ಸ್ಟೀಲ್ ಪ್ಯಾನಿಗೆ ಕಲ್ಲು ತಾಗಿದರೆ ತಗ್ಗು ಬೀಳುತ್ತೆ. ಎರಕದ ಅಲ್ಯೂಮಿನಿಯಂ ಪ್ಯಾನ್ ಶಾಖವನ್ನ ಚೆನ್ನಾಗಿ ಬಿಡುತ್ತೆ, ಆದರೆ ಪೆಟ್ಟು ಗಟ್ಟಿಯಾದರೆ ಬಿರುಕು ಬಿಡುತ್ತೆ, ಆಯಿಲ್ ಅಲ್ಲೇ ರಸ್ತೆ ಪಾಲು. ಈಗಿನ ಅನೇಕ ಇಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಪ್ಯಾನ್ ಗೇರ್‌ಬಾಕ್ಸಿಗೂ ಬೋಲ್ಟ್ ಆಗಿ ಇಂಜಿನ್ನಿಗೆ ಬಿಗಿ ಕೊಡುವ ಭಾಗವೂ ಆಗಿರುತ್ತೆ. ಅಂಥದ್ದನ್ನ ತೆಗೆದು ಬೇರೆ ತಗಡಿನ ಪ್ಯಾನ್ ಹಾಕೋಕೆ ಹೋಗಬಾರದು.

ನಮ್ಮದು ಸ್ಟೀಲ್. ವೆಲ್ಡ್ ಮಾಡಬಹುದು. ಜೆ.ಸಿ. ರಸ್ತೆ, ಶಿವಾಜಿನಗರ ಎಲ್ಲ ಸುತ್ತಿ ಅದೇ ಮಾದರಿಯ ಒಂದು ಹಳೆ ಪ್ಯಾನ್ ಹುಡುಕಿ ತಂದೆವು. ಒರಿಜಿನಲ್ ಮುಟ್ಟಲಿಲ್ಲ, ಒರೆಸಿ ಆಯಿಲ್ ಸವರಿ ಅಟ್ಟಕ್ಕೆ ಏರಿಸಿದೆವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ರೋಲ್‌ಬ್ಯಾಕ್‌ಗೆ ದಾರಿ ಇರಲಿ ಅಂತ.

ಜೋಡಿಸುವಾಗಿನ ಪಾಠ

ಆರಿಸೋದರಷ್ಟೇ ದೊಡ್ಡ ಕೆಲಸ ಜೋಡಿಸೋದು. ಮೆಕ್ಯಾನಿಕ್ ಅಣ್ಣ ಇಲ್ಲಿ ನಮಗೆ ಕಲಿಸಿದ್ದನ್ನ ಯಾವ ಕ್ಯಾಟಲಾಗೂ ಹೇಳಿರಲಿಲ್ಲ.

ವೆಲ್ಡಿಂಗ್ ಬಿಸಿಗೆ ಪ್ಯಾನಿನ ಅಂಚು ಸೊಟ್ಟಗಾಗುತ್ತೆ. ಅದಕ್ಕೆ ಅವರು ಪ್ಯಾನನ್ನ ದಪ್ಪ ಉಕ್ಕಿನ ಹಲಗೆಗೆ ಎಲ್ಲ ಬೋಲ್ಟಿನಿಂದಲೂ ಬಿಗಿದು ಆಮೇಲೆ ವೆಲ್ಡ್ ಮಾಡಿಸಿದರು. ಮುಗಿದ ಮೇಲೆ ಪ್ಯಾನಿಗೆ ಡೀಸೆಲ್ ತುಂಬಿ ಒಂದು ರಾತ್ರಿ ಹಳೆ ಪೇಪರ್ ಮೇಲೆ ಇಟ್ಟರು. ಬೆಳಿಗ್ಗೆ ಪೇಪರಿನ ಮೇಲೆ ಒಂದು ಚುಕ್ಕೆ ಇತ್ತು. ಆ ಜಾಗಕ್ಕೆ ಮತ್ತೆ ವೆಲ್ಡ್, ಮತ್ತೆ ಒಂದು ರಾತ್ರಿ.

ಪಿಕಪ್‌ಗೂ ಪ್ಯಾನಿನ ತಳಕ್ಕೂ ನಡುವೆ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಸಂದು ಇಡುತ್ತಾರೆ. ಹತ್ತಿರವಾದರೆ ಆಯಿಲ್ ಎಳೆಯೋಕೆ ಉಸಿರು ಕಟ್ಟುತ್ತೆ, ದೂರವಾದರೆ ಬೇಗ ಗಾಳಿ ಸಿಗುತ್ತೆ. ಬೇರೆ ಪ್ಯಾನ್ ಕೊಂಡವರು ಹಳೆ ಪಿಕಪ್ಪನ್ನೇ ಉಳಿಸಿಕೊಂಡರೆ ಈ ಅಳತೆ ತಪ್ಪುತ್ತೆ, ಅದಕ್ಕೇ ಪ್ಯಾನೂ ಪಿಕಪ್ಪೂ ಜೋಡಿಯಾಗಿ ತಗೊಳ್ಳಬೇಕು. ಅಳೆಯೋದು ಹೇಗೆ? ಜಾಲರಿಗೆ ಚಪಾತಿ ಹಿಟ್ಟಿನಷ್ಟು ಮೆತ್ತನೆಯ ಕ್ಲೇ ಅಂಟಿಸಿ, ಗ್ಯಾಸ್ಕೆಟ್ ಸಮೇತ ಪ್ಯಾನ್ ಕೂರಿಸಿ, ಬಿಚ್ಚಿ, ಚಪ್ಪಟೆಯಾದ ಕ್ಲೇ ದಪ್ಪ ನೋಡೋದು. ನಮ್ಮದು 8 ಬಂತು. ಆಮೇಲೆ ಕ್ಲೇ ಒಂದು ಚೂರೂ ಉಳಿಯದ ಹಾಗೆ ಜಾಲರಿ ತೊಳೆದರು.

ಬ್ಯಾಫಲ್ ಕ್ರ್ಯಾಂಕಿಗೆ ತಾಗುತ್ತಾ ಅಂತ ನೋಡೋಕೆ ಇಂಜಿನ್ನನ್ನ ಸ್ಪಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದರು. ಕೊನೆಗೆ ಸಿಲಿಕಾನ್ ಸೀಲೆಂಟ್. ತಮ್ಮ ಟ್ಯೂಬ್ ಒತ್ತಿ ಧಾರಾಳವಾಗಿ ಬಳಿಯೋಕೆ ಹೋದಾಗ ಅಣ್ಣ ಕೈ ಹಿಡಿದರು. “ಕೇಕ್ ಮೇಲೆ ಕ್ರೀಮ್ ಅಲ್ಲ ಕಣಪ್ಪ. ಜಾಸ್ತಿ ಹಾಕಿದ್ದು ಒಳಗಡೆಗೂ ಪಿಚಕ್ ಅಂತ ಬರುತ್ತೆ, ಒಂದಿನ ಕಿತ್ತುಕೊಂಡು ಹೋಗಿ ಜಾಲರಿ ಮುಚ್ಚುತ್ತೆ.” ಇಂಜಿನ್ ಕಾಯೋಕೆ ಹಾಕಿದ ಪ್ಯಾನೇ ಇಂಜಿನ್ ಕೊಲ್ಲೋ ದಾರಿ ಅದು.

ಎರಡನೇ ಸಲ ಟ್ರ್ಯಾಕಿಗೆ ಹೋದಾಗಲೂ ಮೊದಲು ನಾಲ್ಕೇ ಲ್ಯಾಪು. ಅದೇ ಟೈರು, ಅದೇ ಬಲತಿರುವು. 3.9 ಬಾರ್. ನಾನು ಲ್ಯಾಪ್‌ಟಾಪ್ ಪರದೆಯನ್ನ ಎರಡು ಸಲ ಒರೆಸಿ ನೋಡಿದೆ. ಬ್ರೇಕ್ ಜಾಗದ ತಗ್ಗು ಇನ್ನೂ ಸ್ವಲ್ಪ ಉಳಿದಿತ್ತು, ಆದರೆ ಅಪಾಯದ ಗೆರೆಗಿಂತ ಮೇಲಿತ್ತು. ಆಮೇಲೆ ಅವನು ಮನಸಾರೆ ಓಡಿಸಿದ. ಸಂಜೆ ಅದೇ ಕಾರಿನಲ್ಲಿ, ಅದೇ ಇಂಜಿನ್ನಿನಲ್ಲಿ, ಕೃಷ್ಣಗಿರಿಯಲ್ಲಿ ಕಾಫಿ ಕುಡಿದು ಮನೆಗೆ ಬಂದೆವು. ಮರುದಿನ ಚಿಕ್ಕಪ್ಪ ಹೆಚ್ಚು ಕೇಳಲಿಲ್ಲ. ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಬಟ್ಟೆಗೆ ಒರೆಸಿ, ಮತ್ತೆ ಅದ್ದಿ ನೋಡಿ “ಹ್ಞೂಂ” ಅಂದರು.

ನಿಮ್ಮ ಕಾರಿಗೆ ಏನು?

ನೀವು ಆಫೀಸಿಗೆ, ಊರಿಗೆ, ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಅಂತ ಓಡಿಸೋರಾದರೆ ಪ್ಯಾನ್ ಬದಲಾಯಿಸೋ ಯೋಚನೆಯೇ ಬೇಡ. ಕಂಪನಿ ಕೊಟ್ಟದ್ದು ಸಾಕು. ವಾರಂಟಿ ಇದ್ದರಂತೂ ಕೈ ಹಾಕಲೇಬೇಡಿ. ಕೆಟ್ಟ ರಸ್ತೆ ಜಾಸ್ತಿ ಇದ್ದರೆ ಒಂದು ಇಂಜಿನ್ ಗಾರ್ಡ್ ಹಾಕಿಸಿ. ಆಯಿಲ್ ಬದಲಾಯಿಸೋಕೆ ತೂತು, ಗಾಳಿ ಆಡೋಕೆ ಜಾಗ ಇದೆಯಾ ನೋಡಿಕೊಳ್ಳಿ.

ಡರ್ಟ್ ಟ್ರ್ಯಾಕ್, ರ್‍ಯಾಲಿ ಕಡೆ ಒಲವಿದ್ದರೆ ಅಲ್ಲಿ ಮಣ್ಣು ಜಾರೋದರಿಂದ ತಿರುವಿನ ಬಲ ಕಡಿಮೆ, ಕಲ್ಲಿನ ಪೆಟ್ಟು ಜಾಸ್ತಿ. ಬ್ಯಾಫಲ್‌ಗಿಂತ ಮೊದಲು ಗಟ್ಟಿ ಗಾರ್ಡಿಗೆ ದುಡ್ಡು ಹಾಕಿ. ಟಾರ್ ಟ್ರ್ಯಾಕಿಗೆ ಮಾಮೂಲಿ ಟೈರಿನಲ್ಲಿ ಹೋಗೋರು ಮೊದಲು ಒಂದು ಪ್ರೆಶರ್ ಗೇಜ್ ಹಾಕಿ ನೋಡಿ, ಗೇಜ್ ಏನು ಹೇಳುತ್ತೋ ಅದರ ಮೇಲೆ ನಿರ್ಧಾರ ಮಾಡಿ. ಅಂಟು ಟೈರು ಹಾಕಿದ ದಿನವೇ ಕದ ಇರುವ ಬ್ಯಾಫಲ್ ಪ್ಯಾನ್ ಕೂಡ ಹಾಕಿ.

ಇನ್ನು ಎಲ್ಲರಿಗೂ ಒಂದು ಮಾತು. ಹಂಪ್ ಮೇಲೆ ‘ಧಡ್’ ಅಂತ ಚೇಂಬರ್ ತಾಗಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಬಗ್ಗಿ ನೋಡಿ. ಆಯಿಲ್ ಸೋರುತ್ತಿದ್ದರೆ ಅಥವಾ ಕೆಂಪು ದೀಪ ಉರಿದರೆ ‘ಮುಂದಿನ ಬಂಕ್‌ವರೆಗೆ ಹೋಗೋಣ’ ಅನ್ನಬೇಡಿ, ಟೋಯಿಂಗ್ ಕರೆಸಿ. ಒಂದು ತೊಟ್ಟೂ ಸೋರದೆ ಬರೀ ತಗ್ಗು ಬಿದ್ದಿದ್ದರೂ ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿ. ಆ ತಗ್ಗು ಪಿಕಪ್‌ನ ಸರಿಯಾಗಿ ಕೆಳಗೇ ಬಿದ್ದಿದ್ದರೆ ಆ 8 ಮಿಲಿಮೀಟರ್ ಸಂದು 2 ಆಗಿರಬಹುದು. ಊರೊಳಗೆ ಅದು ಗೊತ್ತೇ ಆಗಲ್ಲ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವಾಗ ಗೊತ್ತಾಗುತ್ತೆ.

ಆಯಿಲ್ ಪ್ಯಾನ್ ಒಂದು ಎಚ್‌ಪಿ ಕೂಡ ಜಾಸ್ತಿ ಮಾಡಿಕೊಡಲ್ಲ. ಸದ್ದು ಮಾಡಲ್ಲ, ಫೋಟೋದಲ್ಲಿ ಕಾಣಲ್ಲ. ನಮ್ಮ ತಮ್ಮನ ಕಾರನ್ನ ನೋಡೋಕೆ ಬಂದವರೆಲ್ಲ ಟೈರ್ ಮುಟ್ಟಿ ನೋಡ್ತಾರೆ, ಎಕ್ಸಾಸ್ಟ್ ಸದ್ದು ಕೇಳ್ತಾರೆ. ಚೇಂಬರ್ ಕೇಳಿದವರು ಇನ್ನೂ ಯಾರೂ ಇಲ್ಲ. ಮೊನ್ನೆ ಅವನು ಮತ್ತೆ ಕ್ಯಾಮ್‌ಶಾಫ್ಟ್ ಮಾತು ತೆಗೆದ. “ಹಾಕೋಣ, ಆದ್ರೆ ಮೊದಲು ಬ್ರೇಕ್ ಜಾಗದ ಆ ತಗ್ಗು ಯಾಕೆ ಉಳಿದಿದೆ ನೋಡೋಣ ಅಣ್ಣ” ಅಂತ ಅವನೇ ಹೇಳಿದ. ಗ್ರಾಫ್ ತೆರೆದು ಕೂತಿದ್ದೇವೆ.